ನಾಲ್ಕು ಪಾಲಿನ ಹಾಡು

ದಾವಣಗೆರೆಯಲ್ಲಿ ಹುಟ್ಟಿ ಬೆಳೆದವನಿಗೆ ಮ್ಯಾಂಚೆಸ್ಟರ್ ಎಂಬ ಹೆಸರು ಅಪರಿಚಿತವಲ್ಲ. ನಮ್ಮೂರನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹಿರಿಯರು ಅಭಿಮಾನದಿಂದ ಹೇಳುತ್ತಿದ್ದುದನ್ನು ಕೇಳಿಕೊಂಡು, ಹಾಗೆ ಹೇಳುತ್ತಿದ್ದಂತೆಯೇ ಗಿರಣಿಗಳ ಸಿಳ್ಳು ಒಂದೊಂದಾಗಿ ನಿಂತುಹೋದುದನ್ನೂ ಕಂಡುಕೊಂಡು ಬೆಳೆದವನು ನಾನು. ಆಮೇಲೆ 1990ರ ಆಗಸ್ಟಿನಲ್ಲಿ ನಮ್ಮ ಅನಿಲ್ ಕುಂಬ್ಳೆಯವರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು ಅಲ್ಲಿಯ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ. ಹತ್ತಿ ಮತ್ತು ಕ್ರಿಕೆಟ್ಟು—ಇವೆರಡರ ಆಚೆಗೆ ಆ ನಗರಕ್ಕೆ ಮೂರನೆಯದೊಂದು ಕೀರ್ತಿಯುಂಟೆಂಬುದು ನನಗೆ ತಿಳಿದದ್ದು 2024ರ ಮೇ ತಿಂಗಳಿನಲ್ಲಿ. ಅದೂ ಒಂದು ಗೋಡೆಯ ಮೂಲಕ.

ನನ್ನ ತಂಗಿ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಆಕೆಯ ಮನೆ ಇರುವುದು ನಗರಕ್ಕೆ ಅಂಟಿಕೊಂಡ ಸ್ಟ್ರೆಟ್‌ಫರ್ಡಿನಲ್ಲಿ. ಆ ಸೀಮೆಯಲ್ಲಿ ಮನೆಗಳು ಜೋಡಿಜೋಡಿಯಾಗಿರುತ್ತವೆ. ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ. ನಾನು ಹೋಗಿ ಇಳಿದ ಮಾರನೆಯ ದಿನ, ಮೇ 19ರ ಸಂಜೆ, ಆ ಗೋಡೆಯೊಳಗಿಂದ ಒಂದು ಸ್ವರಾವಳಿ ಕೇಳಿಬಂತು. ಹಾಡುವವನ ದನಿಯಿಲ್ಲ, ಮಾತಿಲ್ಲ; ಮಂದ್ರದಲ್ಲಿ ಏನೋ ಒಂದು ತಂತಿ ಏರುತ್ತ, ಇಳಿಯುತ್ತ, ಸುತ್ತಿ ಬಂದು ಮತ್ತೆ ಮೊದಲಿಟ್ಟಲ್ಲಿಗೆ ಸೇರುತ್ತಿತ್ತು. ತಂಬೂರಿಯಂತೆ ನಿಂತಲ್ಲೇ ನಿಂತ ಶ್ರುತಿಯಲ್ಲ. ತನ್ನದೇ ಒಂದು ರಾಗವುಳ್ಳ ನಾದ. ಒಂದೇ ಹಾಡು ಎರಡು ಸಲ, ಮೂರು ಸಲ ಮರುಕಳಿಸಿತು. ತಂಗಿ ನಕ್ಕು, “ನೆರೆಮನೆಯವರದು, ಬಹಳ ಒಳ್ಳೆಯವರು, ಆದರೆ ಸ್ಮಿತ್ಸ್ ಹುಚ್ಚು” ಎಂದಳು.

ಮರುದಿನ ಬೇಲಿಯ ಬಳಿ ಪರಿಚಯವಾಯಿತು. ಐವತ್ತೆಂಟು ವಯಸ್ಸಿನ, ಮಿತಭಾಷಿಯಾದ ಬಡಗಿ. ತಂಗಿ ಮಾಡಿದ ಮೆಂತ್ಯದ ಚಪಾತಿಯನ್ನು ಕೊಟ್ಟರೆ ಮಕ್ಕಳಂತೆ ಸಂತೋಷಪಡುವ ಮನುಷ್ಯ. ಹತ್ತೊಂಬತ್ತನೆಯ ವಯಸ್ಸಿನಿಂದ ಅವರು ಮಾಂಸವನ್ನು ಮುಟ್ಟಿಲ್ಲವಂತೆ. ಕಾರಣವನ್ನು ಕೇಳಿದೆ. ಧರ್ಮವೂ ಅಲ್ಲ, ವೈದ್ಯರ ಸಲಹೆಯೂ ಅಲ್ಲ. 1985ರ ಫೆಬ್ರವರಿಯಲ್ಲಿ ಹೊರಬಂದ ಒಂದು ಧ್ವನಿಮುದ್ರಿಕೆ ಎಂದರು. ಅದರ ಹೆಸರು ‘ಮೀಟ್ ಈಸ್ ಮರ್ಡರ್’. ಒಂದು ಹಾಡನ್ನು ಕೇಳಿ ನಾಲಗೆಯ ಅಭ್ಯಾಸವನ್ನು ಬಿಟ್ಟವನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಾವ್ಯದ ಪ್ರಯೋಜನವೇನೆಂದು ಪ್ರತಿ ವರ್ಷ ಜೂನ್ ತಿಂಗಳಲ್ಲಿ ತರಗತಿಯಲ್ಲಿ ಪಾಠ ಹೇಳುವ ನನಗೆ, ಆ ಬೇಲಿಯ ಆಚೆ ಒಂದು ನಿದರ್ಶನವೇ ನಿಂತಂತೆ ತೋರಿತು. ಅಂದಿನಿಂದ ಹದಿನೈದು ದಿನ, ಸಂಜೆಯಾದರೆ ನಾನು ಅವರ ಮನೆಯಲ್ಲಿ.

ವಾಚಕರಿಗೆ ಆ ಕಾಲದ ಹಿನ್ನೆಲೆಯನ್ನು ಸ್ವಲ್ಪ ಹೇಳುವುದು ಅವಶ್ಯಕ. 1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸ್ಸರ್ ಫ್ರೀ ಟ್ರೇಡ್ ಹಾಲಿನಲ್ಲಿ ‘ಸೆಕ್ಸ್ ಪಿಸ್ಟಲ್ಸ್’ ಎಂಬ ಲಂಡನ್ ತಂಡ ಹಾಡಿತು. ಕೇಳುಗರು ಕೆಲವೇ ಮಂದಿ. ಆದರೆ ಆ ಕೆಲವರಲ್ಲಿ ಮುಂದೆ ‘ಜಾಯ್ ಡಿವಿಷನ್’ ತಂಡವನ್ನು ಕಟ್ಟಿದ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್, ‘ದಿ ಫಾಲ್’ ತಂಡದ ಮಾರ್ಕ್ ಸ್ಮಿತ್, ಮತ್ತು ಸ್ಟ್ರೆಟ್‌ಫರ್ಡಿನ ಸ್ಟೀವನ್ ಮೊರಿಸ್ಸಿ ಇದ್ದರು. ಹಾಡುವುದಕ್ಕೆ ಪಾಂಡಿತ್ಯ ಬೇಕಿಲ್ಲ, ಹೇಳುವ ಮಾತಿದ್ದರೆ ಸಾಕು ಎಂಬ ಧೈರ್ಯವನ್ನು ಅವರು ಅಲ್ಲಿಂದ ಹೊತ್ತು ತಂದರು. 1980ರ ಮೇ ತಿಂಗಳಲ್ಲಿ ಜಾಯ್ ಡಿವಿಷನ್ ತಂಡದ ಗಾಯಕ ಇಯಾನ್ ಕರ್ಟಿಸ್ ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಪ್ರಾಣ ಕಳೆದುಕೊಂಡಾಗ, ಉಳಿದವರು ‘ನ್ಯೂ ಆರ್ಡರ್’ ಎಂಬ ಹೆಸರಿನಿಂದ ಮುಂದುವರಿದರು. ಲಿವರ್‌ಪೂಲಿನಲ್ಲಿ ‘ಎಕೋ ಅಂಡ್ ದಿ ಬನ್ನಿಮೆನ್’, ಸಸೆಕ್ಸ್ ಸೀಮೆಯ ಕ್ರಾಲಿಯಲ್ಲಿ ‘ದಿ ಕ್ಯೂರ್’, ಸ್ಕಾಟ್ಲೆಂಡಿನ ಗ್ರೇಂಜ್‌ಮೌತಿನಲ್ಲಿ ‘ಕಾಕ್ಟೂ ಟ್ವಿನ್ಸ್’—ಹೀಗೆ ರಾಜಧಾನಿಯಿಂದ ದೂರವಾದ ಊರುಗಳಲ್ಲಿ ಒಂದೊಂದು ದನಿ ಎದ್ದಿತು.

ಇವುಗಳನ್ನು ಪರ್ಯಾಯ ಸಂಗೀತವೆಂದು ಕರೆದದ್ದು ರಾಗತಾಳಗಳ ವ್ಯತ್ಯಾಸದಿಂದ ಮಾತ್ರವಲ್ಲ. ಹಾಡು ಕೇಳುಗನನ್ನು ತಲುಪುವ ದಾರಿಯೇ ಬೇರೆಯಾಗಿತ್ತು. ದೊಡ್ಡ ಕಂಪೆನಿಗಳ ಹಂಗಿಲ್ಲದೆ, ಅಂಗಡಿಯವರೇ ಪ್ರಕಾಶಕರಾದ ಕಾಲವದು. ಜೆಫ್ ಟ್ರಾವಿಸ್ ಎಂಬುವರು 1976ರಲ್ಲಿ ಲಂಡನ್ನಿನಲ್ಲಿ ‘ರಫ್ ಟ್ರೇಡ್’ ಎಂಬ ಅಂಗಡಿಯನ್ನು ತೆರೆದರು. ಎರಡು ವರ್ಷಗಳಲ್ಲಿ ಅದೇ ಹೆಸರಿನ ಪ್ರಕಾಶನ ಸಂಸ್ಥೆಯೂ ಹುಟ್ಟಿತು. 1978ರಲ್ಲಿಯೇ ಮ್ಯಾಂಚೆಸ್ಟರಿನಲ್ಲಿ ಟೋನಿ ವಿಲ್ಸನ್ ಮತ್ತು ಅವರ ಸಂಗಡಿಗರ ‘ಫ್ಯಾಕ್ಟರಿ’ ಮೊದಲಾಯಿತು. ಖರ್ಚು ಕಳೆದು ಉಳಿದ ಲಾಭದಲ್ಲಿ ಸಂಸ್ಥೆಗೆ ಅರ್ಧ, ಹಾಡಿದವರಿಗೆ ಅರ್ಧ—ಇದು ಇಂಥ ಸಂಸ್ಥೆಗಳು ನಡೆಸಿಕೊಂಡು ಬಂದ ಲೆಕ್ಕ. ಲಿವರ್‌ಪೂಲ್, ಯಾರ್ಕ್, ಬ್ರಿಸ್ಟಲ್ ಮೊದಲಾದ ಊರುಗಳ ಅಂಗಡಿಗಳು ಒಂದುಗೂಡಿ ‘ಕಾರ್ಟೆಲ್’ ಎಂಬ ವಿತರಣಾ ಜಾಲವನ್ನು ಕಟ್ಟಿಕೊಂಡವು. ನಮ್ಮಲ್ಲಿ ಗ್ರಂಥಮಾಲೆಗಳನ್ನು ಕಟ್ಟಿ, ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿದ ಹಿರಿಯರ ನೆನಪು ನನಗೆ ಬಂತು. ಇಂಥ ಸಾಹಸಗಳ ಕೊನೆ ಎಲ್ಲೆಡೆಯೂ ಒಂದೇ ಇರಬೇಕು: ರಫ್ ಟ್ರೇಡಿನ ವಿತರಣೆ 1991ರಲ್ಲಿ ಕುಸಿಯಿತು, ಫ್ಯಾಕ್ಟರಿ 1992ರಲ್ಲಿ ದಿವಾಳಿಯಾಯಿತು.

ಇನ್ನು ಊರಿನ ಪರಿಸ್ಥಿತಿ. 1982ರ ಜನವರಿಯಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ ಮೂವತ್ತು ಲಕ್ಷವನ್ನು ದಾಟಿತು. ಅದೇ ವರ್ಷ ಸಾಲ್‌ಫರ್ಡಿನ ಹಡಗುಕಟ್ಟೆಗಳು ಮುಚ್ಚಿದವು. ನಮ್ಮ ಬಡಗಿಯ ತಂದೆ ಅಲ್ಲಿ ಸರಕು ಇಳಿಸುವ ಕೂಲಿಯಾಗಿದ್ದವರು. ಕೆಲಸ ಹೋದ ಮೇಲೆಯೂ ಅವರು ಆರು ತಿಂಗಳ ಕಾಲ ಬೆಳಿಗ್ಗೆ ಐದಕ್ಕೆ ಎದ್ದು, ಬೂಟು ಹಾಕಿಕೊಂಡು, ಅಡಿಗೆಮನೆಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರಂತೆ. ಈ ಮಾತನ್ನು ಹೇಳುವಾಗ ಮಗ ಕಿಟಕಿಯ ಕಡೆಗೆ ನೋಡುತ್ತಿದ್ದರು. ನಾನೂ ಏನೂ ಹೇಳಲಿಲ್ಲ. ನಮ್ಮ ಕೇರಿಯಲ್ಲಿಯೂ ಅಂಥ ಬೂಟುಗಳನ್ನಲ್ಲದಿದ್ದರೂ ಅಂಥ ಚಪ್ಪಲಿಗಳನ್ನು ನಾನು ಕಂಡವನು.

ಹುಡುಗನಿಗೆ ಆಗ ಹದಿನೇಳು. ಶಾಲೆ ಮುಗಿದಿದೆ, ಕೆಲಸವಿಲ್ಲ. ರಾತ್ರಿ ಹತ್ತರ ಮೇಲೆ ಹಾಸಿಗೆಯಲ್ಲಿ ರೇಡಿಯೋ. ಬಿಬಿಸಿಯ ಒಂದನೆಯ ವಾಹಿನಿಯಲ್ಲಿ ಜಾನ್ ಪೀಲ್ ಎಂಬ ನಿರೂಪಕರು, ಬೇರೆ ಯಾರೂ ಹಾಕದ ಹಾಡುಗಳನ್ನು ಹಾಕುತ್ತಿದ್ದರು. 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ಅವರು ಅದನ್ನು ಬಿಡಲಿಲ್ಲ. ಹೆಸರಿಲ್ಲದ ತಂಡಗಳನ್ನು ಬಿಬಿಸಿಯ ಕೊಠಡಿಗೆ ಕರೆಸಿ, ಒಂದೇ ದಿನದಲ್ಲಿ ನಾಲ್ಕು ಹಾಡು ಮುದ್ರಿಸಿ ಪ್ರಸಾರ ಮಾಡುವ ಪದ್ಧತಿ ಅವರ ಕಾರ್ಯಕ್ರಮದ್ದು. 1983ರ ಮೇ ತಿಂಗಳ ಕೊನೆಯ ಒಂದು ರಾತ್ರಿ, ಹಾಗೆ ಬಂದ ನಾಲ್ಕು ಹಾಡುಗಳು ‘ದಿ ಸ್ಮಿತ್ಸ್’ ಎಂಬ ತಂಡದವು. ಟೇಪ್ ರೆಕಾರ್ಡರಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಹುಡುಗ ಅವುಗಳನ್ನು ಹಿಡಿದುಕೊಂಡ. ಮನೆಯಲ್ಲಿ ಹೀಗೆ ಮುದ್ರಿಸಿಕೊಳ್ಳುವುದು ಸಂಗೀತವನ್ನೇ ಕೊಲ್ಲುತ್ತದೆಂದು ಧ್ವನಿಮುದ್ರಿಕೆಯ ಉದ್ಯಮಿಗಳು ಪ್ರಚಾರ ನಡೆಸುತ್ತಿದ್ದ ಕಾಲವದು. ಆ ಕೊಲೆಗಾರರಲ್ಲಿ ತಾನೂ ಒಬ್ಬನೆಂದು ನಮ್ಮ ಬಡಗಿ ನಕ್ಕರು.

ತಂಡದ ಕಥೆ ಚಿಕ್ಕದು. 1982ರಲ್ಲಿ ಹದಿನೆಂಟರ ಹರೆಯದ ಜಾನಿ ಮಾರ್, ಸ್ಟ್ರೆಟ್‌ಫರ್ಡಿನ ಕಿಂಗ್ಸ್ ರಸ್ತೆಯಲ್ಲಿದ್ದ ಮೊರಿಸ್ಸಿಯ ಮನೆಯ ಬಾಗಿಲನ್ನು ತಟ್ಟಿದ. ಒಬ್ಬ ಗಿಟಾರ್ ವಾದಕ, ಒಬ್ಬ ಬರೆಯುವವ. ಶಾಲೆಯ ಗೆಳೆಯ ಆಂಡಿ ರೂರ್ಕ್ ಬೇಸ್ ಗಿಟಾರಿಗೆ ಬಂದ. ಮೈಕ್ ಜಾಯ್ಸ್ ತಾಳವಾದ್ಯಕ್ಕೆ. ಮಾರ್ ಮತ್ತು ರೂರ್ಕ್ ತಮ್ಮ ಹಾಡಿನ ಟೇಪನ್ನು ಲಂಡನ್ನಿಗೆ ಒಯ್ದು ಟ್ರಾವಿಸರ ಕೈಯಲ್ಲಿಟ್ಟರು. 1983ರಿಂದ 1987ರವರೆಗೆ ಐದು ವರ್ಷಗಳೂ ತುಂಬದ ಅವಧಿಯಲ್ಲಿ ಅವರು ಹೊರತಂದದ್ದು ನಾಲ್ಕು ಹೊಸ ಆಲ್ಬಮುಗಳು, ಅವುಗಳ ಜೊತೆಗೆ ಬಿಡಿಹಾಡುಗಳು, ಸಂಕಲನಗಳು. ಅಷ್ಟೇ. ನಾಲ್ವರೂ ಐರಿಷ್ ವಲಸೆಗಾರರ ಕುಟುಂಬದ ಸಂತಾನ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅವರ ಹಾಡಿನ ಲಕ್ಷಣವೇನು? ನನಗೆ ಮೊದಲ ಎರಡು ದಿನ ಅದು ಬರಿಯ ಗದ್ದಲವಾಗಿ ಕೇಳಿಸಿತೆಂದು ಒಪ್ಪಿಕೊಳ್ಳುತ್ತೇನೆ. ಮೂರನೆಯ ದಿನ ಒಂದು ಸಂಗತಿ ಹೊಳೆಯಿತು. ಗಿಟಾರು ಬೆಳಗಿನ ಬಿಸಿಲಿನಂತೆ ಹೊಳೆಹೊಳೆಯುತ್ತಿದೆ. ಮಾರ್ ತಂತಿಗಳನ್ನು ಒಟ್ಟಿಗೆ ಬಡಿಯದೆ, ಬಿಡಿಬಿಡಿಯಾಗಿ ಮೀಟಿ ಸ್ವರಗಳನ್ನು ಹೆಣೆಯುತ್ತಾನೆ. ಆದರೆ ಮಾತು? ಒಂಟಿತನ, ಸಂಕೋಚ, ಸಾವು, ಕೆಲಸವಿಲ್ಲದ ಬೇಸರ. ವಿಷಾದವನ್ನು ಹೇಳುವ ಬಾಯಿ, ಕುಣಿಯಲು ಕರೆಯುವ ಕೈ. ಅದರ ಮೇಲೆ ಒಂದು ತೆಳುವಾದ ನಗೆ. ತನ್ನ ದುಃಖವನ್ನು ತಾನೇ ಅಣಕಿಸಿಕೊಳ್ಳುವ ನಗೆ. ಶೋಕಕ್ಕೆ ಹಾಸ್ಯವು ಸಂಚಾರಿಯಾಗಿ ಬಂದರೆ ರಸಭಂಗವಾಗುತ್ತದೆಯೇ ಎಂದು ನಮ್ಮ ಲಾಕ್ಷಣಿಕರು ಚರ್ಚಿಸಬಹುದು. ಕೆಲಸವಿಲ್ಲದ ಹದಿನೇಳರ ಹುಡುಗನಿಗೆ ಮಾತ್ರ ಅದು ರಸಪೋಷಕವೇ ಆಯಿತು. “ಮನೆಯಲ್ಲಿ ಅಳುವಂತಿರಲಿಲ್ಲ, ಬೀದಿಯಲ್ಲಿ ನಗುವಂತಿರಲಿಲ್ಲ. ಈ ಹಾಡುಗಳಲ್ಲಿ ಎರಡೂ ಸಾಧ್ಯವಾಯಿತು” ಎಂದರು ಅವರು.

ಹಾಡು ಅವರನ್ನು ಇನ್ನೊಂದೆಡೆಗೂ ಕರೆದೊಯ್ಯಿತು: ಗ್ರಂಥಾಲಯಕ್ಕೆ. ಆ ತಂಡದ ಮುದ್ರಿಕೆಗಳ ಹೊದಿಕೆಯ ಮೇಲೆ ತಂಡದವರ ಚಿತ್ರವಿರುತ್ತಿರಲಿಲ್ಲ. ಹಳೆಯ ಚಲನಚಿತ್ರಗಳ ನಟರು, ಬರಹಗಾರರು ಇರುತ್ತಿದ್ದರು. 1987ರ ಒಂದು ಸಂಕಲನದ ಮೇಲೆ ಶೀಲಾ ಡೆಲಾನಿಯ ಚಿತ್ರ. ಸಾಲ್‌ಫರ್ಡಿನ ಬಡ ಕುಟುಂಬದ ಈ ಹುಡುಗಿ ಹತ್ತೊಂಬತ್ತರ ಹರೆಯದಲ್ಲಿ ‘ಎ ಟೇಸ್ಟ್ ಆಫ್ ಹನಿ’ ಎಂಬ ನಾಟಕವನ್ನು ಬರೆದು 1958ರಲ್ಲಿ ಇಂಗ್ಲೆಂಡಿನ ರಂಗಭೂಮಿಯನ್ನು ಬೆಚ್ಚಿಬೀಳಿಸಿದವಳು. ಆಸ್ಕರ್ ವೈಲ್ಡ್, ಕೀಟ್ಸ್, ಯೇಟ್ಸ್—ಈ ಹೆಸರುಗಳು ಶಾಲೆಯಲ್ಲಿ ಕಿವಿಯ ಹೊರಗೆ ಹೋಗಿದ್ದವು. ಹಾಡಿನಲ್ಲಿ ಬಂದಾಗ ಒಳಗೆ ಇಳಿದವು. ಬಡಗಿಯ ಮನೆಯ ಕಪಾಟಿನಲ್ಲಿ, ತಮ್ಮ ಕೈಯಿಂದಲೇ ಮಾಡಿದ ಓಕ್ ಮರದ ಹಲಗೆಗಳ ಮೇಲೆ, ಧ್ವನಿಮುದ್ರಿಕೆಗಳ ಪಕ್ಕದಲ್ಲಿ ಆ ಪುಸ್ತಕಗಳೂ ಇದ್ದವು. ಮೇಷ್ಟರಾದವನಿಗೆ ಅಸೂಯೆ ಹುಟ್ಟಿಸುವ ದೃಶ್ಯ.

ಒಂದು ಸಂಜೆ ಅವರು ಕಾಕ್ಟೂ ಟ್ವಿನ್ಸ್ ತಂಡದ ಎಲಿಜಬೆತ್ ಫ್ರೇಜರ್ ಹಾಡಿದ್ದನ್ನು ಕೇಳಿಸಿದರು. ಮಾತು ಒಂದೂ ತಿಳಿಯಲಿಲ್ಲ. ನನ್ನ ಇಂಗ್ಲಿಷಿನ ದೋಷವೆಂದು ನಾಚಿಕೊಂಡೆ. ಅವರು ಸಮಾಧಾನ ಹೇಳಿದರು: ನಲವತ್ತು ವರ್ಷದಿಂದ ಕೇಳುತ್ತಿರುವ ತಮಗೂ ತಿಳಿದಿಲ್ಲ, ಆ ಗಾಯಕಿ ಅನೇಕ ಕಡೆ ಅರ್ಥಕ್ಕಾಗಿ ಅಲ್ಲದೆ ನಾದಕ್ಕಾಗಿಯೇ ಪದಗಳನ್ನು ಆಯ್ದು, ಮುರಿದು ಹಾಡಿದವಳು. ವಾಚ್ಯಾರ್ಥವೇ ಇಲ್ಲದಲ್ಲಿ ಧ್ವನಿಯೆಲ್ಲಿಂದ ಬಂತು? ಆ ರಾತ್ರಿ ಈ ಪ್ರಶ್ನೆ ನನ್ನನ್ನು ನಿದ್ದೆಗೆಡಿಸಿತು.

ಈಗ ಕಥೆಯ ಕಹಿಯಾದ ಭಾಗ.

1985ರಲ್ಲಿ ನಮ್ಮ ಬಡಗಿ ಕೆಲಸ ಕಲಿಯಲು ಸೇರಿದ ಕಾರ್ಯಾಗಾರದಲ್ಲಿ ಅವರಿಗೊಬ್ಬ ಗೆಳೆಯ ದೊರೆತರು. ಆ ಗೆಳೆಯನ ತಂದೆ ಸಿಲ್ಹೆಟ್ ಸೀಮೆಯಿಂದ ಬಂದು ಓಲ್ಡ್‌ಹ್ಯಾಮಿನ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿದವರು. ಬಡಗಿ ಗೆಳೆಯನಿಗಾಗಿ ಒಂದು ಕ್ಯಾಸೆಟ್ಟನ್ನು ಮುದ್ರಿಸಿ, ಹಾಡುಗಳ ಹೆಸರನ್ನು ಕೈಯಲ್ಲಿ ಬರೆದು ಕೊಟ್ಟರು. ಅಂದಿನಿಂದ ಇಬ್ಬರದೂ ಒಂದೇ ಹುಚ್ಚು. 1986ರ ಜುಲೈ 19ರಂದು, ಹಳೆಯ ರೈಲ್ವೆ ನಿಲ್ದಾಣವೊಂದನ್ನು ಸಭಾಂಗಣವಾಗಿ ಮಾಡಿದ ಜಿ-ಮೆಕ್ಸಿನಲ್ಲಿ ‘ಹತ್ತನೆಯ ಬೇಸಗೆಯ ಉತ್ಸವ’ ನಡೆದು, ಸ್ಮಿತ್ಸ್, ನ್ಯೂ ಆರ್ಡರ್, ಫಾಲ್ ತಂಡಗಳು ಒಂದೇ ದಿನ ಹಾಡಿದಾಗ ಇಬ್ಬರೂ ಜೊತೆಯಾಗಿ ನಿಂತು ಕೇಳಿದರು. ಮರುವರ್ಷ ಮಾರ್ ಹೊರನಡೆದು ತಂಡ ಒಡೆದಾಗ ಇಬ್ಬರೂ ಜೊತೆಯಾಗಿಯೇ ಮೌನ ಹಿಡಿದರು.

ತಂಡ ಒಡೆದ ಮೇಲೆ ಗಾಯಕ ತನ್ನ ದಾರಿ ಹಿಡಿದು ಇನ್ನೂ ಪ್ರಸಿದ್ಧನಾದ. ವಯಸ್ಸಾದಂತೆ ಅವನ ಮಾತುಗಳು ವಲಸೆ ಬಂದವರ ವಿಷಯದಲ್ಲಿ ಕಟುವಾಗುತ್ತ ಹೋದವು. 2018ರಲ್ಲಿ ಅವನು ‘ಫಾರ್ ಬ್ರಿಟನ್’ ಎಂಬ, ಇಸ್ಲಾಂ ವಿರೋಧವನ್ನು ಮುಂದಿಟ್ಟುಕೊಂಡ ಬಲಪಂಥೀಯ ಪಕ್ಷವನ್ನು ಬೆಂಬಲಿಸಿದ. 2019ರ ಮೇ ತಿಂಗಳಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಅದರ ಚಿಹ್ನೆಯನ್ನು ಎದೆಗೆ ಧರಿಸಿ ಹಾಡಿದ. ತಾನು ಜನಾಂಗದ್ವೇಷಿಯಲ್ಲವೆಂದು ಅವನು ಹೇಳಿಕೊಂಡದ್ದುಂಟು. ಆ ಪಕ್ಷವೂ 2022ರಲ್ಲಿ ವಿಸರ್ಜನೆಯಾಯಿತು. ಆದರೆ ಗಾಯವಾಗುವುದಕ್ಕೆ ಅಷ್ಟು ಸಾಕಾಗಿತ್ತು. ಕಾರ್ಡಿಫಿನ ‘ಸ್ಪಿಲ್ಲರ್ಸ್’ ಎಂಬ ಬಹು ಪುರಾತನವಾದ ಧ್ವನಿಮುದ್ರಿಕೆಯ ಅಂಗಡಿ ಅವನ ಮುದ್ರಿಕೆಗಳನ್ನು ಮಾರುವುದನ್ನೇ ನಿಲ್ಲಿಸಿತು.

ಅದೇ ಬೇಸಗೆಯ ಒಂದು ಭಾನುವಾರ ಗೆಳೆಯ ಬಡಗಿಯ ಮನೆಗೆ ಬಂದರು. ಚಹಾ ಕುಡಿದರು. ಹೊರಡುವಾಗ ಜೇಬಿನಿಂದ ಮೂವತ್ತನಾಲ್ಕು ವರ್ಷದ ಹಿಂದಿನ ಆ ಕ್ಯಾಸೆಟ್ಟನ್ನು ತೆಗೆದು ಮೇಜಿನ ಮೇಲಿಟ್ಟರು. “ಇದು ನನ್ನ ಮನೆಯಲ್ಲಿರುವುದು ಬೇಡ, ಎಸೆಯಲೂ ಕೈ ಬರಲಿಲ್ಲ” ಎಂದರು. ಜಗಳವಿಲ್ಲ, ದೂಷಣೆಯಿಲ್ಲ. ಅವರು ಹೋದ ಮೇಲೆ ಬಡಗಿ ಏಣಿ ಹಾಕಿ, ಸ್ಮಿತ್ಸ್ ತಂಡದ ಎಲ್ಲ ಮುದ್ರಿಕೆಗಳನ್ನೂ ಆ ಕ್ಯಾಸೆಟ್ಟಿನ ಸಮೇತ ಅಟ್ಟಕ್ಕೆ ಏರಿಸಿದರು. ನಾಲ್ಕು ವರ್ಷ ಆ ಮನೆಯಲ್ಲಿ ಆ ಹಾಡು ಕೇಳಿಸಲಿಲ್ಲ. ಗೆಳೆತನವೇನೋ ಉಳಿಯಿತು, ಆದರೆ ನಡುವೆ ಮಾತನಾಡಬಾರದ ಒಂದು ವಿಷಯ ಬಂದು ಕುಳಿತಿತು. ಕಪಾಟಿನ ಓಕ್ ಹಲಗೆಯ ಮೇಲೆ ಖಾಲಿಯಾದ ಜಾಗವನ್ನು ಅವರು ಬೇರೆ ಯಾವುದರಿಂದಲೂ ತುಂಬಲಿಲ್ಲ.

2023ರ ಮೇ 19ರಂದು ಆಂಡಿ ರೂರ್ಕ್ ಕ್ಯಾನ್ಸರಿನಿಂದ ತೀರಿಕೊಂಡರು, ಐವತ್ತೊಂಬತ್ತು ವಯಸ್ಸು. ಆ ಸಂಜೆ ದೂರವಾಣಿ ಬಂತು. ಗೆಳೆಯನದು. “ಬೇಸ್ ನುಡಿಸುತ್ತಿದ್ದವನು ಹೋದ. ಅವುಗಳನ್ನು ಕೆಳಗಿಳಿಸು, ಬರುತ್ತೇನೆ” ಎಂದಷ್ಟೇ ಹೇಳಿದರಂತೆ. ಇಬ್ಬರೂ ಕುಳಿತು, ಹಾಡುವವನ ದನಿಯನ್ನು ಬದಿಗೆ ಸರಿಸಿ, ಆ ಮಂದ್ರದ ತಂತಿಯೊಂದನ್ನೇ ಹಿಂಬಾಲಿಸಿ ಕೇಳಿದರು. ಮೂವತ್ತೆಂಟು ವರ್ಷಗಳಲ್ಲಿ ತಾವು ಅದನ್ನು ಸರಿಯಾಗಿ ಕೇಳಿಯೇ ಇರಲಿಲ್ಲವೆಂದು ಆಗ ಅವರಿಗೆ ಅನ್ನಿಸಿತು. ಅದರ ಮೊದಲ ವರ್ಷಾಬ್ದಿಯ ಸಂಜೆ ಅವರಿಬ್ಬರೂ ಮತ್ತೆ ಕುಳಿತು ಕೇಳುತ್ತಿದ್ದಾಗಲೇ ನಾನು ಗೋಡೆಯ ಈಚೆ ಇದ್ದದ್ದು. ಗೋಡೆ ಮೇಲಿನ ಸ್ವರಗಳನ್ನು ತಡೆದು, ರೂರ್ಕ್ ನುಡಿಸಿದ್ದನ್ನು ಮಾತ್ರ ನನ್ನ ಕಡೆಗೆ ಬಿಟ್ಟುಕೊಟ್ಟಿತ್ತು.

ಇಲ್ಲಿ ನ್ಯಾಯಾಲಯದ ಒಂದು ಪ್ರಸಂಗವನ್ನು ಹೇಳಬೇಕು. ತಂಡದ ಆದಾಯದಲ್ಲಿ ಮೊರಿಸ್ಸಿ, ಮಾರ್ ಇಬ್ಬರಿಗೂ ತಲಾ ನಲವತ್ತು ಪಾಲು, ರೂರ್ಕ್, ಜಾಯ್ಸ್ ಇಬ್ಬರಿಗೂ ತಲಾ ಹತ್ತು ಪಾಲು ಸಲ್ಲುತ್ತಿತ್ತು. ರೂರ್ಕ್ 1989ರಲ್ಲಿ ಹಣದ ಅಡಚಣೆಯಿಂದ 83,000 ಪೌಂಡಿಗೆ ರಾಜಿಯಾಗಿ, ಹತ್ತು ಪಾಲಿಗೇ ಒಪ್ಪಿಕೊಂಡರು. ಜಾಯ್ಸ್ ಪಟ್ಟು ಹಿಡಿದರು. 1996ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯ ಅವರಿಗೆ ಸಮಪಾಲು, ಎಂದರೆ ನೂರಕ್ಕೆ ಇಪ್ಪತ್ತೈದು, ಸಲ್ಲಬೇಕೆಂದು ತೀರ್ಪು ಕೊಟ್ಟಿತು. ಬರೆದವರು ಇಬ್ಬರೇ ಇರಬಹುದು. ತಂಡದ ಆದಾಯಕ್ಕೆ ಹಕ್ಕುದಾರರು ನಾಲ್ವರು. ಇದು ಹಣದ ಲೆಕ್ಕ. ರಸದ ಲೆಕ್ಕವೂ ಹೀಗೆಯೇ ಇರಬಾರದೇಕೆ ಎಂದು ನಮ್ಮ ಬಡಗಿಯ ವಾದ. ಹಾಡುವವನ ಮೇಲಿನ ಸಿಟ್ಟಿನಲ್ಲಿ ಉಳಿದ ಮೂವರ ಪಾಲನ್ನೂ ತಾನು ಅಟ್ಟಕ್ಕೆ ಹಾಕಿದ್ದು ಸರಿಯಲ್ಲವೆಂದು ಅವರಿಗೆ ತೋರಿತು.

ನಾನು ಐದನೆಯ ಪಾಲೊಂದಿದೆಯೆಂದೆ. ನಮ್ಮ ಕಾವ್ಯಮೀಮಾಂಸಕರು ಕವಿಯೊಬ್ಬನಿಂದಲೇ ಕಾವ್ಯ ಪೂರ್ಣವಾಗುವುದಿಲ್ಲ, ಸಹೃದಯನ ಮನಸ್ಸಿನಲ್ಲಿ ಅದು ಮತ್ತೆ ಹುಟ್ಟಬೇಕು ಎಂದರು. ಅಡಿಗೆಮನೆಯಲ್ಲಿ ಬೂಟು ಹಾಕಿಕೊಂಡು ಕುಳಿತ ತಂದೆ, ಕೈಯಲ್ಲಿ ಬರೆದ ಹಾಡುಗಳ ಪಟ್ಟಿ, ಬಿಟ್ಟುಬಿಟ್ಟ ಮಾಂಸ—ಇವೆಲ್ಲ ಆ ಹಾಡಿನ ಅರ್ಥದಲ್ಲಿ ಸೇರಿಲ್ಲವೇ? ಇವುಗಳನ್ನು ಗಾಯಕ ಕೊಟ್ಟದ್ದಲ್ಲ. ಅವನು ಹಿಂತೆಗೆದುಕೊಳ್ಳಲೂ ಬಾರದು. ಈ ವಾದಕ್ಕೆ ಇನ್ನೊಂದು ಮಗ್ಗುಲೂ ಇದೆ. 2010ರ ಡಿಸೆಂಬರಿನಲ್ಲಿ ಜಾನಿ ಮಾರ್, ತಮ್ಮ ತಂಡವನ್ನು ಮೆಚ್ಚಿಕೊಳ್ಳಬಾರದೆಂದು ಆಗಿನ ಪ್ರಧಾನಿ ಡೇವಿಡ್ ಕ್ಯಾಮರನ್ನರಿಗೆ ಬಹಿರಂಗವಾಗಿ ನಿಷೇಧ ಹಾಕಿದ್ದರು. ಅದು ಸಂಸತ್ತಿನಲ್ಲಿಯೂ ಪ್ರಸ್ತಾಪವಾಗಿ ನಗೆ ಎದ್ದಿತು. ನಿಷೇಧ ನಡೆಯಿತೇ? ಇಲ್ಲ. ಕೇಳುಗನ ಮೆಚ್ಚಿಕೆಗೆ ಕರ್ತೃವಿನ ಅಪ್ಪಣೆ ಬೇಕಿಲ್ಲ. ಹಾಗೆಯೇ, ಕೇಳುಗನ ಮೆಚ್ಚಿಕೆಯಿಂದ ಕರ್ತೃವಿನ ತಪ್ಪು ತೊಳೆದುಹೋಗುವುದೂ ಇಲ್ಲ. ಬಡಗಿ ಇದೆಲ್ಲವನ್ನೂ ಕೇಳಿ ತಲೆದೂಗಿದರು. ಅಲ್ಲಿಯೇ ಕುಳಿತಿದ್ದ ಗೆಳೆಯ ಮಾತ್ರ ಮೃದುವಾಗಿ ಹೇಳಿದರು: “ನಿಮ್ಮ ಸಿದ್ಧಾಂತ ಚೆನ್ನಾಗಿದೆ. ಆದರೆ ಆ ಚಿಹ್ನೆ ನನ್ನ ತಂದೆಯನ್ನು ಕುರಿತದ್ದು.” ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಆತ ಈಗಲೂ ಹೊಸ ಮುದ್ರಿಕೆಗಳನ್ನು ಕೊಳ್ಳುವುದಿಲ್ಲ. ಕ್ಯಾಸೆಟ್ಟನ್ನು ಮನೆಗೆ ಒಯ್ದಿಲ್ಲ. ಬಂದು ಕೇಳುತ್ತಾರೆ, ಹೋಗುತ್ತಾರೆ.

ಹೊರಡುವ ಮುನ್ನ ಇಬ್ಬರೂ ನನ್ನನ್ನು ಸಾಲ್‌ಫರ್ಡಿಗೆ ಕರೆದೊಯ್ದರು. ಅಲ್ಲಿ ಕೆಂಪು ಇಟ್ಟಿಗೆಯ ಒಂದು ಕಟ್ಟಡ: ‘ಸಾಲ್‌ಫರ್ಡ್ ಲಾಡ್ಸ್ ಕ್ಲಬ್’. ಬಡಹುಡುಗರ ಆಟಪಾಠಗಳಿಗೆಂದು ಕಟ್ಟಿದ ಅದನ್ನು 1904ರಲ್ಲಿ ಬೇಡನ್ ಪೊವೆಲ್ ಅಧಿಕೃತವಾಗಿ ಉದ್ಘಾಟಿಸಿದ್ದರು. 1985ರ ಚಳಿಗಾಲದಲ್ಲಿ ಅದರ ಬಾಗಿಲ ಮುಂದೆ ಸ್ಮಿತ್ಸ್ ತಂಡದ ನಾಲ್ವರು ನಿಂತು ತೆಗೆಸಿಕೊಂಡ ಚಿತ್ರ ‘ದಿ ಕ್ವೀನ್ ಈಸ್ ಡೆಡ್’ ಆಲ್ಬಮಿನ ಒಳಹೊದಿಕೆಯಲ್ಲಿ ಅಚ್ಚಾಯಿತು. ಅಂದಿನಿಂದ ದೇಶದೇಶಗಳ ಅಭಿಮಾನಿಗಳು ಅಲ್ಲಿಗೆ ಯಾತ್ರೆ ಬರುತ್ತಾರೆ. ಒಳಗೆ ಒಂದು ಕೋಣೆಯ ಗೋಡೆಗಳ ತುಂಬ ಅವರು ಬರೆದು ಅಂಟಿಸಿದ ಚೀಟಿಗಳು. ಹಂಪೆಯಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತುವವರನ್ನು ಕಂಡು ರೇಗುವ ನಾನು, ಇಲ್ಲಿ ಚೀಟಿಗಳನ್ನು ಒಂದೊಂದಾಗಿ ಓದುತ್ತ ನಿಂತೆ.

ಆ ವರ್ಷದ ಕೊನೆಯಲ್ಲಿ ಬಡಗಿಯಿಂದ ಪತ್ರ ಬಂತು. ಹಣದ ಕೊರತೆಯಿಂದ ಆ ಕ್ಲಬ್ಬು ಮುಚ್ಚುವ ಸ್ಥಿತಿಗೆ ಬಂದಿತ್ತು, ಎರಡೂವರೆ ಲಕ್ಷ ಪೌಂಡಿಗೆ ಸಾರ್ವಜನಿಕರಲ್ಲಿ ಮೊರೆಯಿಟ್ಟರು, ಹಣ ಕೂಡಿತು, ಕ್ಲಬ್ಬು ಉಳಿಯಿತು. ಕೊಟ್ಟವರಲ್ಲಿ ತಾವಿಬ್ಬರೂ ಇದ್ದೇವೆಂದು ಅವರು ಬರೆದಿದ್ದರು. 50,000 ಪೌಂಡು ಕೊಟ್ಟವನು ಮೊರಿಸ್ಸಿ. ಅದನ್ನು ತಿಳಿಸಿದಾಗ ಗೆಳೆಯ ಏನೆಂದರೆಂದೂ ಪತ್ರದಲ್ಲಿತ್ತು: “ಸರಿ, ಹುಡುಗರ ಮನೆ ಉಳಿಯಿತಲ್ಲ. ಅವನ ಪಾಲನ್ನು ಅವನು ಕೊಟ್ಟ. ನಮ್ಮದನ್ನು ನಾವು ಕೊಟ್ಟೆವು.” ಪತ್ರದ ಜೊತೆಗೆ ಒಂದು ಸಣ್ಣ ಪೊಟ್ಟಣವಿತ್ತು. ಒಳಗೆ ಒಂದು ಕ್ಯಾಸೆಟ್ಟು. ಹಾಡುಗಳ ಹೆಸರನ್ನು ಬಡಗಿಯ ನೇರವಾದ ಅಕ್ಷರಗಳಲ್ಲಿ ಹೊಸದಾಗಿ ಬರೆದಿತ್ತು. ಅದನ್ನು ಕೇಳಲು ನಮ್ಮ ಮನೆಯಲ್ಲಿ ಯಂತ್ರವಿಲ್ಲ. ದಾವಣಗೆರೆಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹುಡುಕುತ್ತಿದ್ದೇನೆ.